ಲಾಟ್ವಿಯ ದೇಶದ ಯಾನಿ ಹಬ್ಬ

(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗೆ ಗಾಡಿಗಳು ತಡವಾಗಿ ಓಡುತ್ತಿರುವ ಈ ಸಂಜೆ, ಪಾಳಿ ಮುಗಿಸಿದವರು ಪಾಳಿ ಮುಗಿಸಿಕೊಂಡು, ಕಚೇರಿಯವರು ಕಚೇರಿ ಮುಗಿಸಿಕೊಂಡು, ತಾವು ಇಷ್ಟು ಮಂದಿ ಬಂದಿದ್ದೀರಿ. ಭಾಷಣದ ವಿಷಯವನ್ನು ಹಲಗೆಯ ಮೇಲೆ ಬರೆದ ದಿನವೇ ಒಬ್ಬರು, "ಲಾಟ್ವಿಯ ಎಂದರೆ ಎಲ್ಲಿ ಸ್ವಾಮಿ? ನಮಗೂ ಅದಕ್ಕೂ ಏನು ನಂಟು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಇಲ್ಲದ ನಂಟನ್ನು ಎಳೆದು ತರಲು ನಾನು ನಿಂತಿಲ್ಲ. ಆ ನಾಡನ್ನು ನಾನು ಕಣ್ಣಾರೆ ಕಂಡವನೂ ಅಲ್ಲ, ಓದಿ ತಿಳಿದವನಷ್ಟೆ. ಆದರೆ ಒಂದು ಹಬ್ಬವನ್ನು ಆಳುವವರು ಪಂಚಾಂಗದಿಂದಲೇ ಅಳಿಸಿದರು, ಜನರು ಅದನ್ನು ಕಾಲು ಶತಮಾನಕ್ಕೂ ಹೆಚ್ಚು ಕಾಲ ಮನೆಯಂಗಳದಲ್ಲಿ ಉಳಿಸಿಕೊಂಡರು ಎಂಬ ಸಂಗತಿಯನ್ನು ಓದಿದಾಗ, ಊರು ಬಿಟ್ಟು ಬಂದು ಬಾಡಿಗೆ ಖೋಲಿಯಲ್ಲಿ ಗೌರಿ ಗಣೇಶ ಮಾಡುವ ನಮ್ಮಂಥವರಿಗೆ ಅದನ್ನು ಹೇಳಬೇಕೆನಿಸಿತು. ಕೇಳಿದ ಮೇಲೆ ನಂಟು ಉಂಟೋ ಇಲ್ಲವೋ ತಾವೇ ತೀರ್ಮಾನಿಸಬಹುದು.

ಮೇಜಿನ ಮೇಲಿರುವ ನಕ್ಷೆಯ ಪುಸ್ತಕವನ್ನು ತೆರೆದು ನೋಡಿ. ಯೂರೋಪು ಖಂಡದ ಉತ್ತರಕ್ಕೆ ಬಾಲ್ಟಿಕ್ ಎಂಬ ಸಮುದ್ರವಿದೆ. ಅದರ ಪೂರ್ವ ದಂಡೆಯ ಮೇಲೆ, ಮೇಲಿನಿಂದ ಕೆಳಕ್ಕೆ, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಎಂದು ಮೂರು ಸಣ್ಣ ದೇಶಗಳು. ನಡುವಿನದು ನಮ್ಮ ವಿಷಯ. ರಾಜಧಾನಿ ರೀಗಾ, ದೌಗವಾ ನದಿಯ ದಡದ ಹಳೆಯ ವ್ಯಾಪಾರದ ಪಟ್ಟಣ. ದೇಶದ ವಿಸ್ತೀರ್ಣ ಸುಮಾರು ೬೪,೫೦೦ ಚದರ ಕಿಲೋಮೀಟರು, ಎಂದರೆ ನಮ್ಮ ಕರ್ನಾಟಕದ ಮೂರರಲ್ಲಿ ಒಂದು ಪಾಲು. ಜನಸಂಖ್ಯೆ ೨೦೨೧ರ ಗಣತಿಯಲ್ಲಿ ೧೯ ಲಕ್ಷವನ್ನೂ ಮುಟ್ಟಲಿಲ್ಲ. ಮುಂಬಯಿಯ ಒಂದು ಮೂಲೆಗೆ ಸಾಲದ ಜನ!

ಈ ಸ್ವಲ್ಪ ಜನರ ಮೇಲೆ ಹದಿಮೂರನೆಯ ಶತಮಾನದಿಂದ ಒಬ್ಬರಾದ ಮೇಲೊಬ್ಬರು ಆಳುತ್ತ ಬಂದರು. ಜರ್ಮನ್ ಜಮೀನುದಾರರು, ಪೋಲೆಂಡಿನವರು, ಸ್ವೀಡನ್ನಿನವರು, ಕೊನೆಗೆ ರಷ್ಯದ ಚಕ್ರವರ್ತಿ. ದೊರೆ ಯಾರಾದರೂ ಜಮೀನು ಮಾತ್ರ ಬಹುಮಟ್ಟಿಗೆ ಜರ್ಮನರದೇ. ಲಾಟ್ವಿಯನ್ ಎಂದರೆ ಒಕ್ಕಲು, ಜೀತದಾಳು. ೧೯೧೮ರ ನವೆಂಬರ್ ೧೮ರಂದು ಸ್ವತಂತ್ರವೆಂದು ಸಾರಿಕೊಂಡರು. ೧೯೪೦ರಲ್ಲಿ ಸೋವಿಯತ್ ಸೇನೆ ಬಂದಿತು, ೧೯೪೧ರಲ್ಲಿ ಹಿಟ್ಲರನ ಸೇನೆ, ೧೯೪೪ರಲ್ಲಿ ಮತ್ತೆ ಸೋವಿಯತ್ತು. ೧೯೯೧ರಲ್ಲಿ ಪುನಃ ಸ್ವತಂತ್ರರಾದರು. ಚರಿತ್ರೆಗೆ ಇಷ್ಟು ಸಾಕು.

ಭಾಷೆಯ ವಿಚಾರ ಮಾತ್ರ ಒಂದು ಕ್ಷಣ ನಿಂತು ನೋಡುವಂಥದು. ಲಾಟ್ವಿಯನ್ನರ ನುಡಿ ರಷ್ಯನ್ ಅಲ್ಲ, ಜರ್ಮನ್ ಅಲ್ಲ. ಬಾಲ್ಟಿಕ್ ಎಂಬ ಬೇರೆಯೇ ಕವಲು. ಅದರಲ್ಲಿ ಇಂದು ಜೀವಂತವಾಗಿರುವುವು ಲಾಟ್ವಿಯನ್, ಲಿಥುವೇನಿಯನ್ ಎರಡೇ. ಸಂಸ್ಕೃತಕ್ಕೆ ಇವು ದೂರದ ದಾಯಾದಿಗಳು. ಬೆಂಕಿಗೆ ಅವರು 'ಉಗುನ್ಸ್' ಎನ್ನುತ್ತಾರೆ, ಅಗ್ನಿ ನೆನಪಾಗದೆ? ಹೊಗೆಗೆ 'ದೂಮಿ', ನಮ್ಮ ಧೂಮ. ಜೇನಿಗೆ 'ಮೆದುಸ್', ಮಧು. ದಿನಕ್ಕೆ 'ದಿಯೆನಾ', ದೇವರಿಗೆ 'ದಿಯೆವ್ಸ್'. ಕನ್ನಡ ಬೇರೆ ಕುಲದ ಭಾಷೆಯಾದರೂ ಈ ಸಂಸ್ಕೃತ ಪದಗಳು ನಮ್ಮ ಮನೆಯವೇ ಆಗಿ ಕುಳಿತಿರುವುದರಿಂದ, ಆ ಹಬ್ಬದ ಮಾತು ಕೇಳುವಾಗ ನಮಗೆ ಅಲ್ಲಲ್ಲಿ ಗುರುತಿನ ಮುಖಗಳು ಕಾಣುತ್ತವೆ. ಸೂರ್ಯನನ್ನು ಅವರು 'ಸೌಲೆ' ಎನ್ನುತ್ತಾರೆ. ಅವರಿಗೆ ಸೌಲೆ ಹೆಂಗಸು, ಚಂದ್ರ ಗಂಡಸು.

ಇನ್ನು ಹಬ್ಬಕ್ಕೆ ಬರೋಣ. ಹೆಸರು 'ಯಾನಿ'. ಯಾನಿಸ್ ಎಂಬುದು ಯೋಹಾನ ಎಂಬ ಹೆಸರಿನ ಲಾಟ್ವಿಯನ್ ರೂಪ. ಅದರ ಬಹುವಚನ ಯಾನಿ. 'ಯಾನಿಸರು' ಎಂದ ಹಾಗೆ. ಕ್ರೈಸ್ತರ ಪಂಚಾಂಗದಲ್ಲಿ ಜೂನ್ ೨೪ ಸ್ನಾನಿಕ ಯೋಹಾನನ ಜನ್ಮದಿನ. ಯೇಸುವಿಗಿಂತ ಯೋಹಾನ ಆರು ತಿಂಗಳು ಹಿರಿಯನೆಂದು ಲೂಕನ ಸುವಾರ್ತೆ ಹೇಳುವುದರಿಂದ ಕ್ರಿಸ್‌ಮಸ್ಸಿಗೆ ಸರಿಯಾಗಿ ಆರು ತಿಂಗಳ ಹಿಂದೆ ಆ ದಿನವನ್ನಿಟ್ಟರು. ಆದರೆ ಈ ಹಬ್ಬದಲ್ಲಿ ಸಂತ ಯೋಹಾನನ ಪಾಲು ಹೆಸರಿನಷ್ಟೇ ಎನ್ನಬೇಕು. ಹಳೆಯ ಹಾಡುಗಳಲ್ಲಿ ಬರುವ ಯಾನಿಸ್ ವರ್ಷಕ್ಕೊಮ್ಮೆ ಕುದುರೆಯೇರಿ ಬೆಟ್ಟದ ಮೇಲಿಂದ ಇಳಿದುಬರುವ ದೇವಕುಮಾರ. ಅವನಿಗೂ ಬೈಬಲ್ಲಿಗೂ ಹೊಂದಿಕೆ ಕಡಮೆ. ನೆರೆಯ ಎಸ್ಟೋನಿಯದ ಟಾಲಿನ್ ಪಟ್ಟಣದಲ್ಲಿ ಬಾಲ್ಟಾಸರ್ ರುಸ್ಸೊವ್ ಎಂಬ ಪಾದ್ರಿಯೊಬ್ಬನಿದ್ದ. ಈ ರಾತ್ರಿ ನಾಡಿನ ತುಂಬ ಬೆಂಕಿ ಹಾಕಿ ಜನ ಕುಣಿದು ಹಾಡುವುದನ್ನು ಅವನು ಹದಿನಾರನೆಯ ಶತಮಾನದಲ್ಲೇ ತನ್ನ ಚರಿತ್ರೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ಅದು ಹಿಡಿಸಿರಲಿಲ್ಲವೆಂಬುದೂ ತಿಳಿಯುತ್ತದೆ. ಹಿಡಿಸದವರ ಬರಹದಿಂದಲೇ ನಮಗೆ ಎಷ್ಟೋ ಹಳೆಯ ಆಚರಣೆಗಳ ಸುಳಿವು ಸಿಗುವುದು ವಿಚಿತ್ರ.

ಮೂಲದಲ್ಲಿ ಇದು ಸೂರ್ಯನ ಹಬ್ಬ. ಜೂನ್ ೨೧ರ ಸುಮಾರಿಗೆ ಸೂರ್ಯ ಉತ್ತರದ ತುತ್ತತುದಿಯನ್ನು ಮುಟ್ಟಿ ದಕ್ಷಿಣಕ್ಕೆ ತಿರುಗುತ್ತಾನೆ. ನಿಜವಾದ ದಕ್ಷಿಣಾಯನ ಆರಂಭವಾಗುವುದು ಅಂದೇ. ಅಯನಚಲನದಿಂದಾಗಿ ನಮ್ಮ ಕರ್ಕ ಸಂಕ್ರಾಂತಿ ಮೂರು ವಾರಕ್ಕೂ ಹೆಚ್ಚು ಹಿಂದೆ ಬಿದ್ದು ಜುಲೈ ಮಧ್ಯಕ್ಕೆ ಬಂದಿದೆ. ಅವರ ಹಬ್ಬ ಚರ್ಚಿನ ಪಂಚಾಂಗಕ್ಕೆ ಸಿಕ್ಕಿ ಎರಡು ಮೂರು ದಿನ ತಪ್ಪಿದೆ. ಇಬ್ಬರದೂ ಲೆಕ್ಕ ತಪ್ಪಿದ್ದೇ, ಜಗಳವಿಲ್ಲ. ಆದರೆ ಮುಂಬಯಿಯಲ್ಲಿ ವರ್ಷದ ಅತಿ ದೊಡ್ಡ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಮೇಲು. ನಮಗೆ ಅದು ಗಮನಕ್ಕೂ ಬರುವುದಿಲ್ಲ. ರೀಗಾದಲ್ಲಿ ಅದೇ ಹಗಲು ಹದಿನೆಂಟು ಗಂಟೆಗೆ ಹತ್ತಿರ. ಸೂರ್ಯ ಮುಳುಗುವುದು ಗಡಿಯಾರದಲ್ಲಿ ರಾತ್ರಿ ಹತ್ತೂಕಾಲರ ಮೇಲೆ, ಹುಟ್ಟುವುದು ನಾಲ್ಕೂವರೆಗೆ. ನಡುವೆಯೂ ಉತ್ತರದ ಅಂಚಿನಲ್ಲಿ ಬೆಳಕು ಪೂರ್ತಿ ಆರುವುದಿಲ್ಲ. ಇದೇ ಊರಿನಲ್ಲಿ ಡಿಸೆಂಬರಿನ ಹಗಲು ಏಳು ಗಂಟೆಯೂ ಇಲ್ಲ. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಿ, ದೊಡ್ಡವರು ಕತ್ತಲಲ್ಲಿ ಕೆಲಸದಿಂದ ಮರಳುವ ನಾಡಿನಲ್ಲಿ ಬೆಳಕಿನ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಆ ಒಂದು ರಾತ್ರಿ ಯಾರೂ ಮಲಗಬಾರದು. ಮಲಗಿದವನು ಬೇಸಗೆಯೆಲ್ಲ ತೂಕಡಿಸುತ್ತಾನೆ ಎಂಬುದು ಅವರ ನಂಬಿಕೆ.

ಹಬ್ಬ ಎರಡು ದಿನದ್ದು. ಜೂನ್ ೨೩ 'ಲೀಗೊ' ದಿನ, ೨೪ ಯಾನಿ ದಿನ. ಎರಡೂ ಈಗ ಸರ್ಕಾರಿ ರಜಾ. ೨೩ನೆಯ ತಾರೀಖಿಗೆ 'ಹುಲ್ಲಿನ ದಿನ' ಎಂಬ ಇನ್ನೊಂದು ಹೆಸರೂ ಉಂಟು. ಹೊಲಗದ್ದೆಯ ಬಯಲಿನಲ್ಲಿ ಹೂ ಬಿಟ್ಟಿರುವ ಹುಲ್ಲು, ಸೊಪ್ಪು, ಬಳ್ಳಿ ಎಲ್ಲಕ್ಕೂ ಆ ದಿನ ವಿಶೇಷ ಗುಣವಿರುತ್ತದೆ ಎಂದು ಬೆಳಗ್ಗೆ ಕಿತ್ತು ತರುತ್ತಾರೆ. ಕೆಲವನ್ನು ಒಣಗಿಸಿ ಮದ್ದಿಗೆ ಇಡುವುದು, ಕೆಲವನ್ನು ಕಾಯಿಲೆ ಬಿದ್ದ ದನಕ್ಕೆ ಮೇಯಿಸಲು ಇಡುವುದು. ಬರ್ಚ್ ಮರದ ಎಳೆಯ ಕೊಂಬೆಗಳನ್ನು ಬಾಗಿಲ ಎರಡೂ ಕಡೆ ನಿಲ್ಲಿಸುವರು. ನಮ್ಮಲ್ಲಿ ಮಾವಿನ ತೋರಣವಿದ್ದ ಹಾಗೆ. ದನದ ಕೊಟ್ಟಿಗೆಗೆ ರೋವನ್ ಎಂಬ ಮರದ ಕೊಂಬೆ ಮತ್ತು ಮುಳ್ಳುಗಿಡಗಳನ್ನು ಸಿಕ್ಕಿಸುವರು. ಆ ರಾತ್ರಿ ಮಾಟಗಾತಿಯರು ಬಂದು ಹಸುವಿನ ಹಾಲು ಕದಿಯದಿರಲೆಂದು. ಪಟ್ಟಣದವರಿಗೆ ಬಯಲೆಲ್ಲಿ? ಅವರಿಗಾಗಿ ರೀಗಾದ ದೊಡ್ಡ ಚರ್ಚಿನ ಮುಂದಿನ ಚೌಕದಲ್ಲಿ ಹಬ್ಬದ ಮುನ್ನ ಹುಲ್ಲಿನ ಸಂತೆ ಕೂಡುತ್ತದೆ. ದಾದರಿನ ಹೂವಿನ ಪೇಟೆಯನ್ನು ದಸರೆಯ ಹಿಂದಿನ ದಿನ ಕಂಡವರು ಅದನ್ನು ಊಹಿಸಿಕೊಳ್ಳಬಹುದು.

ತಲೆಗೆ ದಂಡೆ ಇಲ್ಲದೆ ಹಬ್ಬವಿಲ್ಲ. ಹೆಂಗಸರಿಗೆ ಕಾಡುಹೂಗಳ ದಂಡೆ, ಗಂಡಸರಿಗೆ ಓಕ್ ಎಲೆಯ ದಂಡೆ. ಹಿಂದೆ ಹಸುಗಳಿಗೂ ದಂಡೆ ಹಾಕುತ್ತಿದ್ದರು. ಸಂಜೆ ದನಗಾಹಿ ಹುಡುಗಿ ದಂಡೆ ಹಾಕಿದ ಹಸುಗಳನ್ನು ಮನೆಗೆ ಹೊಡೆದುಕೊಂಡು ಬಂದಾಗ ಯಜಮಾನಿ ಅವಳಿಗೆ ಚೀಸು ಕೊಡಬೇಕು. ಇಂದು ಮೋಟಾರುಗಳ ಮುಂಭಾಗಕ್ಕೂ ಕೊಂಬೆ ಕಟ್ಟುವುದುಂಟು. ಆಯುಧಪೂಜೆಯಲ್ಲಿ ನಾವು ಬಸ್ಸಿಗೆ ಬಾಳೆಕಂಬ ಕಟ್ಟುವುದಿಲ್ಲವೆ, ಅಂತೆಯೇ.

ಈ ಚೀಸಿನ ಮಾತು ಬಂತು. ಹೋಟೆಲ್ ಕೆಲಸದ ಗೆಳೆಯರು ಇಲ್ಲಿ ಬಹಳ ಮಂದಿ ಇರುವುದರಿಂದ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ಹಾಲನ್ನು ಹುಳಿಗೊಳಿಸಿ ಒಡೆಸಿ, ನೀರು ಬಸಿದು, ನಮ್ಮ ಪನೀರಿನಂಥ ಪುಡಿಪುಡಿ ಗಡ್ಡೆ ಮಾಡಿಕೊಳ್ಳುತ್ತಾರೆ. ಬೇರೆ ಪಾತ್ರೆಯಲ್ಲಿ ಹಾಲು ಕಾಯಿಸಿ ಈ ಗಡ್ಡೆಯನ್ನು ಅದಕ್ಕೆ ಹಾಕಿ ಮೆಲ್ಲಗೆ ತಿರುವಿದರೆ ಹಸುರು ಹಳದಿಯ ತಿಳಿನೀರು ಬೇರೆಯಾಗಿ ಗಡ್ಡೆ ಎಳೆಎಳೆಯಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಬಾಣಲೆಗೆ ಬೆಣ್ಣೆ ಹಾಕಿ, ಮೊಟ್ಟೆ, ಉಪ್ಪು, ಷಾಜೀರಿಗೆಯೊಡನೆ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಕೂಡಿಸಬೇಕು. ಹಲ್ವದ ಪಾಕದಂತೆ ಅಂಚು ಬಿಟ್ಟು ಉಂಡೆಯಾದಾಗ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ, ತಣ್ಣಗೆ ಇಡುವುದು. ಬಿಚ್ಚಿದಾಗ ಹಳದಿ ಬಣ್ಣದ ದುಂಡನೆಯ ಚಕ್ಕೆ. ಬಟ್ಟೆಯ ಗಂಟಿನ ಮಡಿಕೆಗಳು ನಡುವಿನಿಂದ ಸುತ್ತಲೂ ಹರಡಿ ಸೂರ್ಯನ ಕಿರಣದಂತೆ ಕಾಣುತ್ತವೆ. ತಿಂಗಳುಗಟ್ಟಲೆ ಹಣ್ಣಾಗಿಸುವ ಚೀಸು ಇದಲ್ಲ, ಅಂದು ಮಾಡಿ ನಾಳೆ ತಿನ್ನುವುದು. ೨೦೧೫ರಲ್ಲಿ ಯೂರೋಪು ಒಕ್ಕೂಟ ಇದನ್ನು ಸಾಂಪ್ರದಾಯಿಕ ತಿನಿಸೆಂದು ದಾಖಲೆ ಮಾಡಿಕೊಂಡಿತು. ಜೊತೆಗೆ ಜವೆಗೋದಿಯ ಬೀರು. ಅದರ ಪಾಕವಿಧಾನವನ್ನು ಈ ಸಭೆಯಲ್ಲಿ ಹೇಳುವುದು ಬೇಡ.

ಇಷ್ಟು ಸಿದ್ಧತೆ. ಹಬ್ಬದ ಜೀವ ಇರುವುದು ಇದರ ಮುಂದೆ, ಹಾಡಿನಲ್ಲಿ.

ಒಂದು ಒಕ್ಕಲು ಮನೆಯನ್ನು ಕಲ್ಪಿಸಿಕೊಳ್ಳಿ. ಆ ರಾತ್ರಿ ಮನೆಯ ಯಜಮಾನನಿಗೆ 'ಯಾನಿ ತಂದೆ' ಎಂದು ಹೆಸರು, ಯಜಮಾನಿಗೆ 'ಯಾನಿ ತಾಯಿ'. ನೆರೆಹೊರೆಯವರು, ಆಳುಗಳು, ದಾರಿಹೋಕರು ಗುಂಪುಕಟ್ಟಿ ಹಾಡುತ್ತ ಮನೆಯಿಂದ ಮನೆಗೆ ಬರುವರು. ಅವರೆಲ್ಲ 'ಯಾನಿಯ ಮಕ್ಕಳು'. ಹಾಡಿನ ಸಾಲು ಸಾಲಿಗೂ ಕೊನೆಯಲ್ಲಿ 'ಲೀಗೊ, ಲೀಗೊ' ಎಂಬ ಪಲ್ಲವಿ. ತೂಗು, ಓಲಾಡು ಎಂಬರ್ಥದ ಮಾತು ಅದು. ಒಬ್ಬಳು ಸಾಲು ಎತ್ತಿಕೊಟ್ಟರೆ ಉಳಿದವರೆಲ್ಲ ಪಲ್ಲವಿ ಹಿಡಿಯುವರು. ಈ ಪಲ್ಲವಿಯ ಹಾಡಿಗೆ ಕಾಲ ಗೊತ್ತಿದೆ. ಹಬ್ಬಕ್ಕೆ ಎರಡು ವಾರದ ಮುಂಚೆ ಶುರು, ಜೂನ್ ೨೯ರ ಪೇತ್ರನ ಹಬ್ಬಕ್ಕೆ ಮುಕ್ತಾಯ. ವರ್ಷದ ಬೇರೆ ದಿನ ಅದನ್ನು ಹಾಡುವ ವಾಡಿಕೆಯಿಲ್ಲ.

ಬಂದ ಗುಂಪು ಮೊದಲು ಮಾಡುವುದು ಆಶೀರ್ವಾದವಲ್ಲ, ಗೇಲಿ! ಹಬ್ಬದೊಳಗೆ ತೋಟದ ಕಳೆ ಕಿತ್ತು ಮುಗಿದಿರಬೇಕೆಂಬುದು ಒಕ್ಕಲುತನದ ಕಟ್ಟಳೆ. ಬಿತ್ತನೆ ಮುಗಿದು ಹುಲ್ಲುಕೊಯ್ಲು ಇನ್ನೂ ಶುರುವಾಗದ ಬಿಡುವಿನ ಹೊತ್ತು ಅದು. ಯಾರ ತೋಟದಲ್ಲಿ ಕಳೆ ಉಳಿದಿದೆಯೋ, ಯಾರ ಬೇಲಿ ಮುರಿದು ಬಿದ್ದಿದೆಯೋ, ಯಾರ ಅಂಗಳ ಗುಡಿಸಿಲ್ಲವೋ ಅವರ ಹೆಸರೆತ್ತಿ ಹಾಡು ಕಟ್ಟಿ ಮಾನ ಕಳೆಯುತ್ತಾರೆ. ಚೀಸು ತೆಳ್ಳಗೆ ಕತ್ತರಿಸಿದ ಯಜಮಾನಿ, ಬೀರಿಗೆ ನೀರು ಬೆರೆಸಿದ ಯಜಮಾನ, ಯಾರಿಗೂ ಬಿಡುಗಡೆಯಿಲ್ಲ. ಮನೆಯವರೂ ಸುಮ್ಮನಿರುವುದಿಲ್ಲ, ಬಂದವರ ಗಂಟಲಿನ ಬಗ್ಗೆ, ಹೊಟ್ಟೆಯ ಬಗ್ಗೆ ಪ್ರತಿಹಾಡು ಎಸೆಯುತ್ತಾರೆ. ಒಡೆಯನನ್ನು ಆಳು, ಮುದುಕನನ್ನು ಹುಡುಗಿ ಆಡಿಕೊಳ್ಳಬಹುದು. ಅಂದು ಯಾರೂ ಸಿಟ್ಟಾಗುವಂತಿಲ್ಲ. ಆಮೇಲೆ ಚೀಸು ಹಂಚಿ ಬೀರು ಸುರಿದ ಮೇಲೆ ಧಾಟಿ ಬದಲಾಗುತ್ತದೆ: ಮನೆ ತುಂಬಲಿ, ಹಸು ಕರೆಯಲಿ, ಜವೆ ತೂಗಲಿ ಎಂದು ಹರಸಿ ಮುಂದಿನ ಮನೆಗೆ ನಡೆಯುತ್ತಾರೆ. ಮದುವೆ ಮನೆಯಲ್ಲಿ ಬೀಗರನ್ನು ಹಾಡಿನಲ್ಲಿ ಹಂಗಿಸುವುದನ್ನು ಕೇಳಿ ಬೆಳೆದ ನಮ್ಮ ತಾಯಂದಿರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಕತ್ತಲಾಗುವ ಮುನ್ನವೇ ಬೆಂಕಿ ಹೊತ್ತಿಸಬೇಕು. ಎತ್ತರದ ದಿಣ್ಣೆಯ ಮೇಲೆ, ಇಲ್ಲವೆ ಉದ್ದನೆಯ ಕಂಬದ ತುದಿಗೆ ಟಾರು ತುಂಬಿದ ಪೀಪಾಯಿ ಕಟ್ಟಿ ಉರಿಸುವರು. ಆ ಬೆಳಕು ಎಷ್ಟು ದೂರ ಬೀಳುವುದೋ ಅಷ್ಟು ದೂರದ ಹೊಲ ಹುಲುಸಾಗಿ ಬೆಳೆಯುವುದಂತೆ. ಸೂರ್ಯ ಮರಳಿ ಹುಟ್ಟುವ ತನಕ ಅದು ಆರಬಾರದು. ಬೆಂಕಿ ಸ್ವಲ್ಪ ತಗ್ಗಿದಾಗ ಹುಡುಗ ಹುಡುಗಿಯರು ಕೈ ಹಿಡಿದು ಹಾರುವರು. ಹುಡುಗಿಯರು ದಂಡೆಯನ್ನು ಓಕ್ ಮರದ ಕೊಂಬೆಗೆ ಎಸೆಯುವುದೂ ಉಂಟು: ಎಷ್ಟನೆಯ ಎಸೆತಕ್ಕೆ ಅದು ಸಿಕ್ಕಿಕೊಳ್ಳುವುದೋ ಅಷ್ಟನೆಯ ವರ್ಷ ಮದುವೆ.

ಇನ್ನೊಂದು ತಮಾಷೆ. ಆ ನಡುರಾತ್ರಿ ಕಾಡಿನಲ್ಲಿ ಜರೀಗಿಡ ಹೂ ಬಿಡುತ್ತದೆ, ಕಂಡವರಿಗೆ ಭಾಗ್ಯ ಎಂದು ನಂಬಿಕೆ. ಜೋಡಿಜೋಡಿಯಾಗಿ ಹುಡುಕಲು ಹೋಗುತ್ತಾರೆ. ಜರೀಗಿಡ ಹೂ ಬಿಡುವ ಜಾತಿಯೇ ಅಲ್ಲ, ಅದು ಎಲೆಯ ಅಡಿಯ ಪುಡಿಯಿಂದ ಹರಡುವ ಸಸ್ಯ ಎಂದು ಸಸ್ಯಶಾಸ್ತ್ರ ಓದಿದವರೆಲ್ಲ ಬಲ್ಲರು. ಲಾಟ್ವಿಯದ ಹಳ್ಳಿಯವರಿಗೂ ಅದು ಗೊತ್ತಿಲ್ಲವೆಂದು ನಾನು ನಂಬಲಾರೆ. ಹುಡುಕಲು ಹೋದವರ ಮನೆಯ ಹಿರಿಯರು ಆ ರಾತ್ರಿ ಮಾತ್ರ ಲೆಕ್ಕ ಕೇಳುತ್ತಿರಲಿಲ್ಲ, ಅಷ್ಟೆ. ಬೆಳಗಾದಾಗ ಹುಲ್ಲಿನ ಮೇಲಿನ ಇಬ್ಬನಿಯಲ್ಲಿ ಮುಖ ತೊಳೆದರೆ ರೂಪ ಬರುತ್ತದೆಂದು ಹೆಂಗಸರೆಲ್ಲ ಬಯಲಿಗೆ ಹೋಗುವರು. ಮಳೆಯೇ ಬಂದರೆ ಇಬ್ಬನಿಯ ಶ್ರಮವಿಲ್ಲ. ಈ ಹಬ್ಬಕ್ಕೆ ಮಳೆ ತಪ್ಪದೆಂದು ಅವರೇ ನಗೆಯಾಡಿಕೊಳ್ಳುತ್ತಾರೆ.

ಈ ಹಾಡುಗಳೆಲ್ಲ ಪುಸ್ತಕದಲ್ಲಿದ್ದವಲ್ಲ, ಬಾಯಲ್ಲಿದ್ದವು. ಅವರ ಜನಪದ ಹಾಡಿಗೆ 'ದೈನಾ' ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕೇ ಸಾಲು. ನಮ್ಮ ಗರತಿಯರ ತ್ರಿಪದಿಗಿಂತ ಒಂದು ಸಾಲು ಹೆಚ್ಚು. ಅವುಗಳನ್ನು ಕೂಡಿಸಿದ ಮನುಷ್ಯನ ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆತ ಊರಿನಲ್ಲಿ ಕುಳಿತು ಈ ಕೆಲಸ ಮಾಡಿದವನಲ್ಲ. ಹೆಸರು ಕ್ರಿಶ್ಯಾನಿಸ್ ಬಾರೊನ್ಸ್. ಹುಟ್ಟಿದ್ದು ೧೮೩೫ರಲ್ಲಿ. ಹೆಸರಿನಲ್ಲಿ ಮಾತ್ರ ಜಮೀನುದಾರ. ವಿಶ್ವವಿದ್ಯಾಲಯ ಸೇರಿದರೂ ಪದವಿ ಮುಗಿಸಲಾಗಲಿಲ್ಲ. ಪೀಟರ್ಸ್‌ಬರ್ಗಿನಲ್ಲಿ ಕೆಲಕಾಲ ಲಾಟ್ವಿಯನ್ ಪತ್ರಿಕೆಯಲ್ಲಿ ದುಡಿದ. ಪತ್ರಿಕೆ ನಿಂತುಹೋದ ಮೇಲೆ ರಷ್ಯದ ಒಂದು ಶ್ರೀಮಂತ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದ. ಇಪ್ಪತ್ತೈದು ವರ್ಷ ಅದೇ ಕೆಲಸ. ಮಾಸ್ಕೋದಲ್ಲಿ ಫ್ರಿತ್ಸಿಸ್ ಬ್ರೀವ್‌ಜೆಮ್ನಿಯೆಕ್ಸ್ ಎಂಬ ಇನ್ನೊಬ್ಬ ಲಾಟ್ವಿಯನ್ ಹಾಡು ಕೂಡಿಸುವ ಕೆಲಸ ಶುರು ಮಾಡಿದ್ದ. ೧೮೭೮ರಲ್ಲಿ ಅದನ್ನು ಬಾರೊನ್ಸನಿಗೆ ವಹಿಸಿದ.

ಊರೂರಿನಿಂದ ಶಾಲೆಯ ಮೇಷ್ಟರುಗಳು, ಒಕ್ಕಲಿಗರು, ಅಕ್ಷರ ಬಲ್ಲ ಹುಡುಗರು ಕಾಗದದಲ್ಲಿ ಹಾಡು ಬರೆದು ಕಳಿಸತೊಡಗಿದರು. ಬಾರೊನ್ಸ್ ಒಂದೊಂದು ಹಾಡನ್ನೂ ಬೆರಳುದ್ದದ ಕಾಗದದ ಚೀಟಿಗೆ ಬರೆದು ವಿಂಗಡಿಸಿದ. ಚೀಟಿ ಇಡಲು ೧೮೮೦ರಲ್ಲಿ ತಾನೇ ನಕ್ಷೆ ಹಾಕಿಕೊಟ್ಟು ಮಾಸ್ಕೋದ ಬಡಗಿಯಿಂದ ಒಂದು ಬೀರು ಮಾಡಿಸಿದ. ಬಟ್ಟೆಯ ಬೀರು, ಗೆಳೆಯರೆ, ಕುಡಿಯುವುದಲ್ಲ! ಅದರಲ್ಲಿ ಎಪ್ಪತ್ತು ಸೆಳೆಖಾನೆ, ಒಂದೊಂದು ಸೆಳೆಖಾನೆಯಲ್ಲಿ ಇಪ್ಪತ್ತು ಗೂಡು. ಹಗಲು ಬೇರೆಯವರ ಮಕ್ಕಳಿಗೆ ಪಾಠ. ಉಳಿದ ಹೊತ್ತು ಈ ಚೀಟಿಗಳು. ಕಚೇರಿಯಲ್ಲಿ ಕಡತ ವಿಂಗಡಿಸಿ ಕೈ ಪಳಗಿದ ನಮ್ಮ ಗುಮಾಸ್ತ ಬಂಧುಗಳಿಗೆ ಈ ಕೆಲಸದ ಬೇಸರ ಎಷ್ಟೆಂದು ಗೊತ್ತು, ರುಚಿ ಎಂಥದೆಂದೂ ಗೊತ್ತು. ೧೮೯೩ರಲ್ಲಿ ಆತ ಬೀರು ಸಮೇತ ರೀಗಾಕ್ಕೆ ಮರಳಿದ. ೧೮೯೪ರಿಂದ ೧೯೧೫ರವರೆಗೆ 'ಲಾತ್ವ್ಯು ದೈನಾಸ್' ಆರು ಸಂಪುಟಗಳಲ್ಲಿ ಅಚ್ಚಾಯಿತು. ಪಾಠಾಂತರಗಳೂ ಸೇರಿ ಎರಡು ಲಕ್ಷದ ಹದಿನೇಳು ಸಾವಿರಕ್ಕೂ ಮಿಕ್ಕ ಹಾಡುಗಳು. ಯಾನಿ ಹಬ್ಬದ ಹಾಡುಗಳಿಗೆ ಅದರಲ್ಲಿ ದೊಡ್ಡ ಪಾಲು. ೧೯೨೩ರಲ್ಲಿ ಬಾರೊನ್ಸ್ ತೀರಿಕೊಂಡ. ಆ ಬೀರು ಇಂದಿಗೂ ರೀಗಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ; ೨೦೦೧ರಲ್ಲಿ ಯುನೆಸ್ಕೋ ಅದನ್ನು ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು.

ಈಗ ನಿಷೇಧದ ಮಾತು. ಯುದ್ಧ ಮುಗಿದ ಮೇಲೆ ಸೋವಿಯತ್ ಆಡಳಿತ ಮೊದಮೊದಲು ಈ ಹಬ್ಬಕ್ಕೆ ಅಡ್ಡ ಬರಲಿಲ್ಲ. ರೈತರ ಹಬ್ಬ, ದೇವರ ಗೊಡವೆ ಕಡಮೆ. ಆದರೆ ೧೯೫೯ರಲ್ಲಿ ಗಾಳಿ ತಿರುಗಿತು. ಲಾಟ್ವಿಯದ ಕಮ್ಯೂನಿಸ್ಟರಲ್ಲೇ ಎದ್ವಾರ್ದ್ಸ್ ಬೆರ್ಕ್ಲಾವ್ಸ್ ಮೊದಲಾದ ಕೆಲವರು, ಹೊರಗಿನಿಂದ ಬರುವ ಅಧಿಕಾರಿಗಳು ಲಾಟ್ವಿಯನ್ ಕಲಿಯಬೇಕು, ಕಾರ್ಖಾನೆಗಳ ನೆಪದಲ್ಲಿ ಜನರನ್ನು ತಂದು ತುಂಬಬಾರದು ಎಂದು ಹಟ ಹಿಡಿದಿದ್ದರು. ಅವರನ್ನೆಲ್ಲ ಪದವಿಗಳಿಂದ ಕಿತ್ತುಹಾಕಿದರು. ಬೆರ್ಕ್ಲಾವ್ಸನನ್ನು ರಷ್ಯದ ವ್ಲಾದಿಮಿರ್ ಪಟ್ಟಣಕ್ಕೆ ಅಟ್ಟಿದರು. ಅದೇ ವರ್ಷ ನವೆಂಬರಿನಲ್ಲಿ ಪಕ್ಷದ ಮೊದಲ ಕಾರ್ಯದರ್ಶಿಯಾದ ಆರ್ವೀದ್ಸ್ ಪೆಲ್ಷೆಯ ಕಾಲದಲ್ಲಿ ಯಾನಿ ಹಬ್ಬ ರಜೆಯ ಪಟ್ಟಿಯಿಂದ ಹೋಯಿತು. ೧೯೬೦ರ ದಶಕದ ಆರಂಭದಿಂದ ೧೯೮೦ರ ದಶಕದ ಕೊನೆಯವರೆಗೆ ಜೂನ್ ೨೩, ೨೪ ದುಡಿಯುವ ದಿನಗಳು. ನಿಷೇಧ ಹೊರಡಿಸಿದ ಪೆಲ್ಷೆ ಸ್ವತಃ ಲಾಟ್ವಿಯನ್ ಒಕ್ಕಲು ಮನೆಯ ಮಗನೆಂಬುದನ್ನು ಓದಿದಾಗ ನನಗೆ ಹೊರಗಿನವರ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು, ಒಳಗಿನವರ ಮೇಲೆ ಏರಿತು.

ಜನ ಏನು ಮಾಡಿದರು? ಬಂಡಾಯವೇಳಲಿಲ್ಲ. ಲಾಟ್ವಿಯದಲ್ಲಿ ಹುಟ್ಟುಹಬ್ಬದಷ್ಟೇ ಹೆಸರಿನ ಹಬ್ಬಕ್ಕೂ ಮಹತ್ವ. ವರ್ಷದ ಒಂದೊಂದು ದಿನಕ್ಕೂ ಕೆಲವು ಹೆಸರುಗಳನ್ನು ಕಟ್ಟಿಟ್ಟಿದ್ದಾರೆ. ಜೂನ್ ೨೪ ಯಾನಿಸ್ ಎಂಬ ಹೆಸರಿನವರ ದಿನ. ಹಿಂದಿನ ದಿನ ಲೀಗಾ ಎಂಬ ಹೆಸರಿನ ಹೆಣ್ಣುಮಕ್ಕಳದು. ದೇಶದಲ್ಲಿ ಅತಿ ಹೆಚ್ಚು ಗಂಡಸರ ಹೆಸರು ಯಾನಿಸ್. ಯಾನಿಸ್ ಇಲ್ಲದ ಕುಟುಂಬವಿಲ್ಲ. ಅಪ್ಪನಲ್ಲದಿದ್ದರೆ ಮಾವ, ಮಾವನಲ್ಲದಿದ್ದರೆ ಪಕ್ಕದ ಮನೆಯವ. "ನಮ್ಮ ಯಾನಿಸ್ ಮಾವನ ಹೆಸರಿನ ದಿನ, ಬಂಧುಗಳು ಸೇರಿದ್ದೇವೆ" ಎಂದರೆ ಯಾವ ಅಧಿಕಾರಿ ಏನು ಹೇಳಬಲ್ಲ? ಹಗಲು ಕೆಲಸಕ್ಕೆ ಹೋಗಿ, ಸಂಜೆ ಹಳ್ಳಿಯ ಬಂಧುಗಳಲ್ಲಿಗೆ ಹೋಗಿ, ಬೆಂಕಿಯ ಬಳಿ ಬೆಳಗು ಮಾಡಿ ನಿದ್ದೆಗಣ್ಣಿನಲ್ಲಿ ಮತ್ತೆ ಕೆಲಸಕ್ಕೆ ಬರುತ್ತಿದ್ದರು. ಈ ಹಬ್ಬಕ್ಕೆ ಪುರೋಹಿತ ಬೇಡ, ಸಭಾಂಗಣ ಬೇಡ, ಚಂದಾ ಬೇಡ. ಬಯಲಿನ ಹೂ, ಮನೆಯ ಹಾಲು, ಬಾಯಲ್ಲಿರುವ ಹಾಡು, ಬಾಗಿಲು ತೆರೆಯುವ ಒಬ್ಬ ತಾಯಿ ಇಷ್ಟಿದ್ದರೆ ನಡೆಯುತ್ತದೆ. ನಿಲ್ಲಿಸಹೊರಟವರಿಗೆ ಎಲ್ಲಿ ಕೈಹಾಕಬೇಕೆಂದೇ ತಿಳಿಯಲಿಲ್ಲವೆಂದು ನನ್ನ ಊಹೆ.

ಹಾಗೆಂದು ಏನೂ ಕಳೆಯಲಿಲ್ಲವೆಂದಲ್ಲ. ಗುಂಪುಗಟ್ಟಿ ಮನೆಯಿಂದ ಮನೆಗೆ ಹಾಡುತ್ತ ಹೋಗುವುದು ಅಂಥ ಕಾಲದಲ್ಲಿ ಸುಲಭವಲ್ಲ. ಊರಿಗೆಲ್ಲ ಕೇಳಬೇಕಾದ ಹಾಡು ತಮ್ಮ ತಮ್ಮ ಬೇಲಿಯೊಳಗೆ ಉಳಿಯಿತು. ಹಳ್ಳಿಯ ಒಂಟಿ ಒಕ್ಕಲು ಮನೆಗಳನ್ನು ಸಾಮೂಹಿಕ ಬೇಸಾಯಕ್ಕೆ ಸೇರಿಸಿದ್ದರಿಂದ ಯಾನಿ ತಂದೆ, ಯಾನಿ ತಾಯಿ ಎನಿಸಿಕೊಳ್ಳುವ ಮನೆಗಳೇ ಕರಗಿದ್ದವು. ೧೯೪೧ರ ಜೂನ್ ೧೪ರಂದು, ಹಬ್ಬಕ್ಕೆ ಒಂಬತ್ತು ದಿನ ಮೊದಲು, ಹದಿನೈದು ಸಾವಿರ ಜನರನ್ನು ಮಕ್ಕಳು ಮುದುಕರೆನ್ನದೆ ರೈಲಿನ ಸಾಮಾನು ಡಬ್ಬಿಗಳಲ್ಲಿ ತುಂಬಿ ರಷ್ಯದ ದೂರ ಪ್ರದೇಶಗಳಿಗೆ ಸಾಗಿಸಿದ್ದರು. ೧೯೪೯ರ ಮಾರ್ಚ್ ೨೫ರಂದು ಇನ್ನೂ ನಲವತ್ತೆರಡು ಸಾವಿರ ಜನರನ್ನು. ಅವರಲ್ಲಿ ಬಹುಮಂದಿ ಒಕ್ಕಲಿಗರು. ಹಾಡು ಬಲ್ಲ ಎಷ್ಟು ಅಜ್ಜಿಯರು ಆ ಡಬ್ಬಿಗಳಲ್ಲಿ ಹೋದರೋ ಲೆಕ್ಕವಿಟ್ಟವರಿಲ್ಲ.

ಯುದ್ಧದ ಕೊನೆಯಲ್ಲಿ ಲಕ್ಷಕ್ಕೂ ಮಿಕ್ಕ ಲಾಟ್ವಿಯನ್ನರು ಪಶ್ಚಿಮಕ್ಕೆ ಓಡಿಹೋಗಿ, ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, ಅಮೆರಿಕ, ಕೆನಡ, ಇಂಗ್ಲೆಂಡು, ಆಸ್ಟ್ರೇಲಿಯಗಳಿಗೆ ಚದುರಿದರು. ಇಂಗ್ಲೆಂಡಿಗೆ ಹೋದವರು ಗಿರಣಿ, ಗಣಿ, ಆಸ್ಪತ್ರೆಗಳಲ್ಲಿ ದುಡಿದರು. ಅವರ ಸಂಘದವರು ಲೆಸ್ಟರ್‌ಶೈರ್ ಜಿಲ್ಲೆಯ ಕ್ಯಾಥೋರ್ಪ್ ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಹಳೆಯ ಮನೆಯನ್ನು ಕೊಂಡು 'ಸ್ಟ್ರೌಮೇನಿ' ಎಂದು ಹೆಸರಿಟ್ಟರು. ಅಲ್ಲಿ ಯಾನಿ ಹಬ್ಬ ನಡೆಯುತ್ತ ಬಂದಿದೆ. ಆಸ್ಟ್ರೇಲಿಯಕ್ಕೆ ಹೋದವರ ಪಾಡು ವಿಚಿತ್ರ. ಅಲ್ಲಿ ಜೂನ್ ಎಂದರೆ ಚಳಿಗಾಲ, ವರ್ಷದಲ್ಲೇ ಅತಿ ಉದ್ದದ ರಾತ್ರಿ. ಬೇಸಗೆಯ ನಡುವಿನ ಹಬ್ಬವನ್ನು ಎಲ್ಲಿಡುವುದು? ಮುಂಬಯಿಯ ಮಳೆಗೂ ಊರಿನ ಕೊಯ್ಲಿಗೂ ತಾಳೆ ಹಾಕಲಾರದೆ ನಾವು ತಾರೀಖಿಗೇ ಶರಣಾಗುವುದು ನೆನಪಾಯಿತು.

೨೦೦೪ರಲ್ಲಿ ಲಾಟ್ವಿಯ ಯೂರೋಪು ಒಕ್ಕೂಟ ಸೇರಿದ ಮೇಲೆ ಇನ್ನೊಂದು ವಲಸೆ ಶುರುವಾಯಿತು. ಇದರಲ್ಲಿ ಬಂದೂಕಿಲ್ಲ, ಸಂಬಳವೇ ಕಾರಣ. ಐರ್ಲೆಂಡಿನ ಅಣಬೆ ತೋಟಗಳು, ಇಂಗ್ಲೆಂಡಿನ ತರಕಾರಿ ಹೊಲಗಳು, ಉಗ್ರಾಣಗಳು, ಹೋಟೆಲುಗಳು. ೧೯೮೯ರ ಗಣತಿಯಲ್ಲಿ ೨೬ ಲಕ್ಷ ೬೬ ಸಾವಿರವಿದ್ದ ಜನಸಂಖ್ಯೆ ೨೦೨೧ರ ಹೊತ್ತಿಗೆ ೧೮ ಲಕ್ಷ ೯೩ ಸಾವಿರಕ್ಕೆ ಇಳಿಯಿತು. ಸೋವಿಯತ್ ಕಾಲದಲ್ಲಿ ಬಂದ ಸೈನಿಕರೂ ಕಾರ್ಮಿಕರೂ ಹಿಂದಿರುಗಿದ್ದು ಒಂದು ಕಾರಣ, ಹುಟ್ಟುವವರು ಕಡಮೆಯಾದದ್ದು ಒಂದು; ಹೊಟ್ಟೆಪಾಡಿಗೆ ಹೊರಟವರೂ ಲಕ್ಷಗಟ್ಟಲೆ. ಐರ್ಲೆಂಡಿನಲ್ಲಿ ಜೂನ್ ೨೩ಕ್ಕೆ ರಜೆ ಕೊಡುವವರಾರು? ಹತ್ತಿರದ ಶನಿವಾರಕ್ಕೆ ಹಬ್ಬವನ್ನು ಸರಿಸಿಕೊಳ್ಳುತ್ತಾರೆ. ನಮ್ಮ ಸಂಘದ ಯುಗಾದಿ ಕಾರ್ಯಕ್ರಮ ಯಾವಾಗಲೂ ಭಾನುವಾರವೇ ಬೀಳುವ ರಹಸ್ಯ ತಮಗೆಲ್ಲ ಗೊತ್ತು.

ತವರಿನಲ್ಲಿ ಹಬ್ಬ ಈಗ ಹೇಗಿದೆ? ಅಂದು ರೀಗಾ ಬರಿದಾಗುತ್ತದೆ, ಜನ ಹಳ್ಳಿಯ ದಾರಿ ಹಿಡಿಯುತ್ತಾರೆ. ಹೋಗಲಾಗದವರಿಗೆ ಪಟ್ಟಣದಲ್ಲೇ ಹಾಡು ಕುಣಿತದ ಏರ್ಪಾಡು. ಹಬ್ಬದ ಮುಂಚೆ ರಾಷ್ಟ್ರೀಯ ರಂಗಮಂದಿರದಲ್ಲಿ ರೂಡೋಲ್ಫ್ಸ್ ಬ್ಲೌಮಾನಿಸ್ ಬರೆದ ಹಾಸ್ಯ ನಾಟಕವನ್ನು ಆಡುವುದು ವಾಡಿಕೆ. ಹರೆಯದವನನ್ನು ಮದುವೆಯಾಗಲು ಹೊರಟ ಶ್ರೀಮಂತ ವಿಧವೆಯ ಮನೆಯಲ್ಲಿ ಯಾನಿ ಹಬ್ಬದೊಳಗೆ ಜೋಡಿಗಳೆಲ್ಲ ಸರಿಹೋಗುವ ಕಥೆ. ಕುಡಿದು ಮೋಟಾರು ಓಡಿಸುವವರನ್ನು ಹಿಡಿಯಲು ದಾರಿದಾರಿಗೂ ಪೋಲೀಸರು ನಿಲ್ಲುತ್ತಾರೆ. ಹಾಡಿಗಿಂತ ಬೀರು ಹೆಚ್ಚಾಯಿತು, ಹತ್ತು ಹಾಡು ಬಲ್ಲವರು ಕಡಮೆಯಾದರು ಎಂದು ಹಿರಿಯರ ಗೊಣಗಾಟ. ಇದು ಯಾವ ನಾಡಿನ ಹಿರಿಯರೂ ಹೇಳುವ ಮಾತೇ ಆದರೂ, ನನಗೆ ಅದನ್ನು ತಳ್ಳಿಹಾಕಲು ಧೈರ್ಯವಿಲ್ಲ. ನಿಷೇಧಕ್ಕೆ ಸಿಗದ ಹಾಡು ರಜೆ ಸಿಕ್ಕ ಮೇಲೆ ಬಾಯಿ ಬಿಟ್ಟುಹೋದರೆ ಅದನ್ನು ಯಾರ ಮೇಲೆ ಹೊರಿಸುವುದು? ಬಾರೊನ್ಸನ ಬೀರುವಿನಲ್ಲಿ ಚೀಟಿ ಇದೆ, ನಿಜ. ಚೀಟಿಯನ್ನು ನೋಡಿಕೊಂಡು ಪಕ್ಕದ ಮನೆಯವನ ಕಳೆ ತುಂಬಿದ ತೋಟವನ್ನು ಗೇಲಿ ಮಾಡಲಾಗದು. ಅದಕ್ಕೆ ಆ ಕ್ಷಣ ಬಾಯಿಗೆ ಬರಬೇಕು.

ಒಂದು ಸಂಗತಿ ಬಿಟ್ಟಿತ್ತು. ಹಬ್ಬ ಮುಗಿದ ಮೇಲೆ ತಲೆಯ ದಂಡೆಯನ್ನು ಎಸೆಯುವುದಿಲ್ಲ. ಮನೆಯೊಳಗೆ ತೂಗುಹಾಕುತ್ತಾರೆ. ಅದು ಒಣಗಿ ಕಂದಾಗಿ ವರ್ಷವಿಡೀ ಅಲ್ಲೇ ಇರುತ್ತದೆ. ಮುಂದಿನ ಜೂನ್ ೨೩ರ ಸಂಜೆ ಹೊಸ ದಂಡೆ ಕಟ್ಟಿದ ಮೇಲೆ ಹಳೆಯದನ್ನು ತಂದು ಬೆಂಕಿಗೆ ಹಾಕುತ್ತಾರೆ.

ನಕ್ಷೆಯ ಪುಸ್ತಕ ಮೇಜಿನ ಮೇಲೆ ಇದೆ. ಕೊನೆಯ ಗಾಡಿ ಹಿಡಿಯಬೇಕಾದವರು ದಯವಿಟ್ಟು ಮೊದಲು ನೋಡಿಕೊಳ್ಳಲಿ.